ನಾಲೆಯ ಅಂಚಿನ ಕೆಂಪು ಮಣ್ಣು: ಮಳವಳ್ಳಿ ಸೀಮೆಯ ಒಂದು ಗುಂಡಿಯ ವರ್ಗೀಕರಣ

ಪಹಣಿಯ ಪ್ರಕಾರ ಈ ಜಮೀನು ತರಿ. ನೆಲದ ಮೇಲೆ ನಿಂತು ನೋಡಿದರೆ ಅದರ ಕೆಳಗಿನ ಮೂರನೇ ಒಂದು ಪಾಲು ಮಾತ್ರ ಗದ್ದೆ. ಮೇಲಿನದೆಲ್ಲ ರಾಗಿ, ಹುರುಳಿ ಬೆಳೆಯುವ ಬೆದ್ದಲು. ಮಳವಳ್ಳಿ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ಇಂಥ ಹಿಡುವಳಿಗಳು ಹೇರಳವಾಗಿವೆ: ಉಪನಾಲೆಯ ನೀರು ಇಳಿಜಾರಿನ ಒಂದು ಗೆರೆಯವರೆಗೆ ಹರಿಯುತ್ತದೆ, ಅದರಾಚೆ ಏರುವುದಿಲ್ಲ. ಈ ಹಿಡುವಳಿಯ ಯಜಮಾನರು ಮೇಲಿನ ಹೊಲವನ್ನು ಜೆಸಿಬಿಯಿಂದ ಕೆತ್ತಿಸಿ, ಗದ್ದೆಯ ಮಟ್ಟಕ್ಕೆ ತಂದು, ಕಬ್ಬು ಹಾಕಬೇಕೆಂದಿದ್ದರು. ಕೆತ್ತುವ ಮೊದಲು ಒಳಗೆ ಏನಿದೆ ಎಂದು ನೋಡೋಣ ಎಂಬಲ್ಲಿಂದ ಈ ಪ್ರಕರಣ ಶುರುವಾಯಿತು. ತರಬೇತಿಯಲ್ಲಿ ಮಾದರಿಯಾಗಿ ಬಳಸುವ ಉದ್ದೇಶದಿಂದ ಊರು, ಸರ್ವೆ ನಂಬರುಗಳನ್ನು ತೆಗೆದು, ಗುಂಡಿಯ ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಾಗಿಸಿ ಇಲ್ಲಿ ಕೊಟ್ಟಿದ್ದೇನೆ. ಆದ್ದರಿಂದ ಇವನ್ನು ತಾಲ್ಲೂಕಿನ ಸರಾಸರಿ ಎಂದು ಯಾರೂ ಎತ್ತಿ ಬಳಸಬಾರದು.

ಯಜಮಾನರ ಬಳಿ ಮಣ್ಣು ಆರೋಗ್ಯ ಕಾರ್ಡ್ ಇತ್ತು. 2015ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್, ರಸಸಾರ ಮುಂತಾದ 12 ಅಂಶಗಳನ್ನು ಅಳೆಯುತ್ತಾರೆ. ಅದಕ್ಕೆ ಮಾದರಿ ತೆಗೆಯುವುದು ಮೇಲಿನ ಒಂದು ಗೇಣಿನೊಳಗಿನ ಮಣ್ಣಿನಿಂದ. ಗೊಬ್ಬರದ ಲೆಕ್ಕಕ್ಕೆ ಅಷ್ಟು ಸಾಕು. ಆದರೆ ಆ ಗೇಣಿನ ಕೆಳಗೆ ಕಲ್ಲು ಎಷ್ಟು ಆಳದಲ್ಲಿದೆ, ಜೇಡಿ ಎಲ್ಲಿ ಕೂತಿದೆ, ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಆ ಕಾರ್ಡ್ ಹೇಳುವುದಿಲ್ಲ, ಹೇಳಬೇಕೆಂದು ಅದನ್ನು ಮಾಡಿಯೂ ಇಲ್ಲ. ಕೆತ್ತುವ ಪ್ರಶ್ನೆಗೆ ಬೇಕಾಗಿದ್ದದ್ದು ಅದೇ.

ಗುಂಡಿ

ಗ್ರಾಮ ನಕ್ಷೆಯನ್ನು, ಅಂದರೆ ಮೈಲಿಗೆ 8 ಇಂಚಿನ 1:7920 ಅಳತೆಯ ಹಳೆಯ ನಕ್ಷೆಯನ್ನು, ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ಇಳಿಜಾರನ್ನು ಗುರುತಿಸಿಕೊಂಡೆವು. ಗುಂಡಿಯ ಜಾಗವನ್ನು ಬೆದ್ದಲಿನ ನಡುವೆ, ಶೇ 3ರಷ್ಟು ಇಳಿಜಾರಿರುವಲ್ಲಿ, ಬದುವಿನಿಂದಲೂ ಹಳೆಯ ತಿಪ್ಪೆಯ ಜಾಗದಿಂದಲೂ ದೂರವಾಗಿ ಆರಿಸಲಾಯಿತು. ಗುಂಡಿ ತೋಡುವಾಗ ಯಜಮಾನರು ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದ ಮೊದಲ ಸಾಲು: "ಮೇಲ್ಗಡೆ ಮೆತ್ತಗದೆ, ಒಳಗೆ ಗಟ್ಟಿ. ಮಳೆ ನಿಂತು ಎಂಟು ದಿನ ಆದ್ಮೇಲೆ ಗುದ್ದಲಿ ಇಳ್ಯಾಕಿಲ್ಲ." ಇದಕ್ಕಿಂತ ಅಚ್ಚುಕಟ್ಟಾಗಿ ಆ ಮಣ್ಣಿನ ಸೀಳುನೋಟವನ್ನು ಯಾರೂ ವರ್ಣಿಸಲಾರರು, ಮುಂದೆ ಬರುವುದೆಲ್ಲ ಈ ಮಾತಿಗೆ ಅಂಕಿ ಜೋಡಿಸುವ ಕೆಲಸ.

ಮೇಲಿನ 16 ಸೆಂ.ಮೀ. ಉಳುಮೆಯ ಪದರ: ಕೆಂಪುಗಂದು ಬಣ್ಣದ ಮರಳುಮಿಶ್ರಿತ ಗೋಡು, ಜೇಡಿ ಶೇ 16, ಮರಳು ಶೇ 74. ಅದರ ಕೆಳಗೆ 42 ಸೆಂ.ಮೀ.ವರೆಗೆ ಬಣ್ಣ ಗಾಢವಾಗಿ, ಜೇಡಿ ಶೇ 28ಕ್ಕೆ ಏರುತ್ತದೆ. 42ರಿಂದ 78ರವರೆಗೆ ಜೇಡಿ ಶೇ 37. ಬೆರಳುಗಳ ನಡುವೆ ಒತ್ತಿದರೆ ಉದ್ದನೆಯ ಪಟ್ಟಿ ಹೊರಬರುತ್ತದೆ, ಆದರೆ ಮರಳಿನ ಕಿರುಗುಡುವಿಕೆ ನಿಲ್ಲುವುದಿಲ್ಲ. 78ರಿಂದ 112ರವರೆಗೆ ಶೇ 36, ಜೊತೆಗೆ ಬೆಣಚುಕಲ್ಲಿನ ಚೂರು. 112 ಸೆಂ.ಮೀ. ಆಳದಲ್ಲಿ ಗುದ್ದಲಿಗೆ ತುಸು ಬಗ್ಗುವ, ಉಗುರಿಗೆ ಬಗ್ಗದ, ಬಿಳಿ ಕಪ್ಪು ಪಟ್ಟೆಗಳು ಇನ್ನೂ ಎದ್ದು ಕಾಣುವ ಕೊಳೆತ ಕಲ್ಲು. ಅದು ಪರ್ಯಾಯದ್ವೀಪದ ನೈಸ್; ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯ ಸ್ಮೀತ್ ಹೆಸರಿಟ್ಟ ಆ ಶಿಲೆಯೇ ಮಂಡ್ಯ ಜಿಲ್ಲೆಯ ಬಹುಭಾಗಕ್ಕೆ ತಳಹದಿ. ಅದರ ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗಿದೆ, ಕಪ್ಪು ಅಭ್ರಕದ ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿದೆ, ಬೆಣಚು ಮಾತ್ರ ಕರಗದೆ ಮರಳಾಗಿ ಉಳಿದಿದೆ.

ಇಲ್ಲಿ ಒಂದು ಪ್ರಶ್ನೆಯನ್ನು ಬಿಡಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಕೆಳಗೆ ಜೇಡಿ ಹೆಚ್ಚಿದೆ ಎಂದ ಮಾತ್ರಕ್ಕೆ ಅದು ಮೇಲಿನಿಂದ ಇಳಿದು ಬಂದದ್ದು ಎನ್ನಲಾಗದು. ಮೇಲ್ಪದರದ ನುಣುಪು ಮಣ್ಣು ಮಳೆಗೆ ಕೊಚ್ಚಿಹೋಗಿ ಮರಳು ಉಳಿದಿದ್ದರೂ ಅಂಕಿ ಹೀಗೇ ಬರುತ್ತದೆ. ಎರಡನೇ ಪದರದ ಒಂದು ಹೆಂಟೆಯನ್ನು ಅದರ ಸಹಜ ಬಿರುಕಿನಲ್ಲಿ ಒಡೆದು, ಹತ್ತು ಪಟ್ಟು ದೊಡ್ಡದಾಗಿ ತೋರುವ ಕೈಮಸೂರದಲ್ಲಿ ನೋಡಿದಾಗ, ಬಿರುಕಿನ ಮೈಗೆ ಆಲೆಮನೆಯ ಕೊಪ್ಪರಿಗೆಯ ಅಂಚಿಗೆ ಹತ್ತಿದ ಪಾಕದಂಥ ತೆಳು ಹೊಳಪು ಕಂಡಿತು. ಬೇರು ಕೊಳೆತು ಉಳಿದ ಸಣ್ಣ ಕೊಳವೆಗಳ ಒಳಮೈಯಲ್ಲೂ ಅದೇ ಲೇಪ. ಹೆಂಟೆಯನ್ನು ಅಡ್ಡಡ್ಡ ಮುರಿದರೆ ಒಳಗೆ ಆ ಹೊಳಪಿಲ್ಲ. ನೀರಿನೊಡನೆ ಇಳಿದು ಬಂದು ಕೂತ ಜೇಡಿಯ ಪೊರೆ ಇದು. ಮೇಲಿನ ಪದರದಲ್ಲಿ ಜೇಡಿ ಶೇ 15ರಿಂದ 40ರ ನಡುವೆ ಇದ್ದಾಗ ಕೆಳಗಿನದು ಅದರ 1.2 ಪಟ್ಟಾದರೂ ಇರಬೇಕೆಂಬುದು ನಾವು ಬಳಸಿದ ವರ್ಗೀಕರಣ ಪದ್ಧತಿಯ ನಿಯಮ. ಇಲ್ಲಿ 16ಕ್ಕೆ 28, ಅಂದರೆ 1.75 ಪಟ್ಟು. ಪೊರೆಯೂ ಇದೆ, ಅನುಪಾತವೂ ಇದೆ. ಹಾಗಾಗಿ 16ರಿಂದ 112 ಸೆಂ.ಮೀ.ವರೆಗಿನದು ಆರ್ಜಿಲಿಕ್, ಅಂದರೆ ಜೇಡಿ ಇಳಿದು ಕೂತ ಪದರ.

ರಸಸಾರ ಮೇಲೆ 6.4, ಕೆಳಗೆ 6.8. ಕಲ್ಲಿನ ನೆತ್ತಿಗೆ ತಾಗಿರುವ ಪದರದಲ್ಲಿ ಪ್ರತ್ಯಾಮ್ಲ ಸಂತೃಪ್ತಿ ಅರ್ಧಕ್ಕಿಂತ ಸಾಕಷ್ಟು ಮೇಲಿದೆ, ಕ್ಯಾಲ್ಸಿಯಂ ಮೆಗ್ನೀಸಿಯಂಗಳು ಪೂರಾ ತೊಳೆದು ಹೋಗಿಲ್ಲ. ಮಲೆನಾಡಿನ ಮಳೆಯಲ್ಲಾಗಿದ್ದರೆ ತೊಳೆದು ಹೋಗಿರುತ್ತಿದ್ದವು. ಜೇಡಿ ಇಳಿದಿದೆ, ಪ್ರತ್ಯಾಮ್ಲ ಉಳಿದಿದೆ: ಗಣ ಆಲ್ಫಿಸಾಲ್. ಇದರಲ್ಲಿ ಚರ್ಚೆಗೆ ಜಾಗವಿರಲಿಲ್ಲ.

ಯಾರ ನೀರು, ಮಳೆಯದೋ ನಾಲೆಯದೋ

ಬಳಸಿದ ಪದ್ಧತಿ ಅಮೆರಿಕದ ಕೃಷಿ ಇಲಾಖೆ 1975ರಲ್ಲಿ ಪ್ರಕಟಿಸಿ 1999ರಲ್ಲಿ ಪರಿಷ್ಕರಿಸಿದ ಮಣ್ಣಿನ ವರ್ಗೀಕರಣ. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಬ್ಯೂರೋ ನಮ್ಮಲ್ಲಿ ಅನುಸರಿಸುವುದೂ ಇದನ್ನೇ. ಇದರ ವಿಶೇಷವೆಂದರೆ ಹವೆ ಇಲ್ಲಿ ಹೊರಗಿನ ಸಂಗತಿಯಲ್ಲ, ಅದು ಮಣ್ಣಿನ ಗುಣಗಳಲ್ಲೊಂದು. ವರ್ಷದಲ್ಲಿ ಎಷ್ಟು ದಿನ ಮಣ್ಣು ಒಣಗಿರುತ್ತದೆ, ಎಷ್ಟು ಬೆಚ್ಚಗಿರುತ್ತದೆ ಎಂಬುದು ಹೆಸರಿನೊಳಗೇ ಸೇರುತ್ತದೆ.

ಶಾಖದ ಲೆಕ್ಕ ಬೇಗ ಮುಗಿಯಿತು. ಮಂಡ್ಯದ ಸರಾಸರಿ ಗಾಳಿಯ ಉಷ್ಣತೆ 24–25 ಡಿಗ್ರಿ ಸೆಲ್ಸಿಯಸ್; ಅರ್ಧ ಮೀಟರ್ ಆಳದ ಮಣ್ಣು ಅದಕ್ಕಿಂತ ಒಂದು ಡಿಗ್ರಿಯಾದರೂ ಹೆಚ್ಚೆಂದು ಹಿಡಿದರೆ ಅತಿ ಬೆಚ್ಚನೆಯ ವರ್ಗಕ್ಕೆ ಬೇಕಾದ 22 ಡಿಗ್ರಿಯ ಗೆರೆಯನ್ನು ನಿರಾಯಾಸವಾಗಿ ದಾಟುತ್ತದೆ. ಬೇಸಿಗೆ ಚಳಿಗಾಲಗಳ ಅಂತರ 6 ಡಿಗ್ರಿಗಿಂತ ಕಡಿಮೆ ಇರಬೇಕು. ಇಲ್ಲೊಂದು ತಮಾಷೆಯಿದೆ: ಈ ಪದ್ಧತಿಯಲ್ಲಿ ಬೇಸಿಗೆಯೆಂದರೆ ಜೂನ್, ಜುಲೈ, ಆಗಸ್ಟ್. ಮಂಡ್ಯದಲ್ಲಿ ಆ ಮೂರು ತಿಂಗಳು ಮೋಡ ಕವಿದು, ಗಾಳಿ ಬೀಸಿ, ಮೈಗೆ ಹಿತವಾಗಿರುತ್ತವೆ. ನೆಲ ಕಾಯುವುದು ಶಿವರಾತ್ರಿ ಕಳೆದ ಮೇಲೆ, ಯುಗಾದಿಯ ಆಸುಪಾಸಿನಲ್ಲಿ. ಬೇರೆ ಅಕ್ಷಾಂಶದವರು ಕೊಟ್ಟ ಹೆಸರು ನಮ್ಮ ಋತುವಿಗೆ ಕೂಡಿಬರುವುದಿಲ್ಲ, ಆದರೂ ಫಲಿತಾಂಶ ಬದಲಾಗದು. ಮಾರ್ಚ್‌ನಿಂದ ಮೇವರೆಗೆ ಲೆಕ್ಕ ಹಿಡಿದರೂ ಅರ್ಧ ಮೀಟರ್ ಆಳದಲ್ಲಿ ಅಂತರ ಆ ಮಿತಿಯನ್ನು ಮೀರುವ ಸಂಭವ ಕಡಿಮೆ. ವರ್ಷವಿಡೀ ಹೆಚ್ಚು ಏರಿಳಿಯದ ಇಂಥ ಬಿಸಿ ಮಣ್ಣಿನ ವರ್ಗ: ಐಸೋಹೈಪರ್‌ಥರ್ಮಿಕ್.

ತೇವದ ಲೆಕ್ಕದಲ್ಲಿ ನಮ್ಮ ತಂಡದಲ್ಲೇ ಭಿನ್ನಾಭಿಪ್ರಾಯ ಬಂತು. ತಂಡದ ಕಿರಿಯರೊಬ್ಬರು ಕೆಳಗಿನ ಗದ್ದೆಯಲ್ಲಿ ಮೇಲ್ಮಣ್ಣು ಬೂದುಬಣ್ಣಕ್ಕೆ ತಿರುಗಿ, ಬೇರಿನ ಗುಂಟ ತುಕ್ಕಿನ ಗೆರೆ ಬಿದ್ದಿರುವುದನ್ನು ತೋರಿಸಿ, ವರ್ಷದಲ್ಲಿ ಇಷ್ಟು ತಿಂಗಳು ನೀರು ನಿಲ್ಲುವ ಜಾಗವನ್ನು ಒಣನಾಡಿನ ಮಣ್ಣೆಂದು ಹೇಗೆ ಕರೆಯುವುದು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ತೇವದ ವರ್ಗವನ್ನು ನಿರ್ಧರಿಸುವಾಗ ನೀರಾವರಿಯಿಂದ ಮಣ್ಣಿನ ತೇವ ಹೆಚ್ಚುತ್ತಿಲ್ಲ ಎಂದೇ ಭಾವಿಸಬೇಕೆಂದು ಪದ್ಧತಿ ಸ್ಪಷ್ಟವಾಗಿ ಹೇಳುತ್ತದೆ. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಗುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಈ ಜೇಡಿಯ ಪೊರೆಗಳು ಕೂತಿದ್ದವು. ಅವನ್ನು ಕೂರಿಸಿದ್ದು ಮಳೆ. ಗದ್ದೆಯ ಬೂದುಬಣ್ಣ ಮನುಷ್ಯ ನಿಲ್ಲಿಸಿದ ನೀರಿನ ಗುರುತು. ಅಲ್ಲಿ ತೋಡಿದ ಎರಡನೇ ಚಿಕ್ಕ ಗುಂಡಿಯಲ್ಲಿ ಕೆಸರು ಮಾಡಿದ ಪದರ ಮತ್ತು ಅದರಡಿಯ ಗಟ್ಟಿ ತಳ ದಾಟಿದೊಡನೆ ಬೂದು ನಿಂತುಹೋಗಿ ಅದೇ ಹಳೆಯ ಕೆಂಪು ಕಾಣಿಸಿತು. ನೀರು ಮೇಲಿನಿಂದ ಬಂದದ್ದು, ಅಡಿಯಿಂದ ಎದ್ದದ್ದಲ್ಲ ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು. ಗದ್ದೆಯನ್ನು ನಕ್ಷೆಯಲ್ಲಿ ಬೇರೆ ಘಟಕವಾಗಿ ತೋರಿಸಿದೆವು. ಬೆದ್ದಲಿನ ಹೆಸರನ್ನು ಅದು ಮುಟ್ಟಬಾರದು.

ಹಾಗಾದರೆ ಮಳೆ ಏನು ಹೇಳುತ್ತದೆ? ಜಿಲ್ಲೆಯ ವಾರ್ಷಿಕ ಮಳೆ ಸುಮಾರು 700 ಮಿ.ಮೀ. ಆದರೆ ಈ ಒಂದು ಅಂಕಿಯಿಂದ ಉಪಯೋಗ ಕಡಿಮೆ. ಅದು ಬೀಳುವ ರೀತಿ ಎರಡು ಗೂನಿನದು: ಭರಣಿ, ಕೃತ್ತಿಕೆಯ ಹೊತ್ತಿಗೆ, ಏಪ್ರಿಲ್ ಕೊನೆ ಮತ್ತು ಮೇನಲ್ಲಿ, ಗುಡುಗಿನೊಡನೆ ಒಂದು ಏರು, ಜೂನ್ ಜುಲೈಗಳಲ್ಲಿ, ಕೊಡಗಿನಲ್ಲಿ ಕಾವೇರಿ ತುಂಬಿ ಹರಿಯುವಾಗ, ಇಲ್ಲಿ ಬರೀ ಗಾಳಿ ಮತ್ತು ತುಂತುರು, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ಉತ್ತರೆ, ಹಸ್ತ, ಚಿತ್ತೆಯ ಕಾಲದಲ್ಲಿ, ದೊಡ್ಡ ಏರು. ಊರಿನ ಬೆಳೆಕ್ರಮವೂ ಇದನ್ನೇ ನುಡಿಯುತ್ತದೆ. ಮೊದಲ ಗೂನಿಗೆ ಎಳ್ಳು ಅಥವಾ ಅಲಸಂದೆ, ಎರಡನೆಯದಕ್ಕೆ ರಾಗಿ ಅಥವಾ ಹುರುಳಿ.

ಅಸ್ಟಿಕ್, ಅಂದರೆ ವರ್ಷದ ಒಂದಷ್ಟು ಕಾಲ ಒಣಗಿಯೂ ಬೆಳೆಗೆ ಸಾಕಷ್ಟು ತೇವ ಸಿಗುವ ವರ್ಗ, ಎನ್ನಿಸಿಕೊಳ್ಳಲು, ತೇವವನ್ನು ಅಳೆಯುವ ನಿಯಂತ್ರಣ ಭಾಗ ವರ್ಷದಲ್ಲಿ ಒಟ್ಟು 90 ದಿನವಾದರೂ ಪೂರ್ತಿಯಾಗಿಯೋ ಭಾಗಶಃವೋ ಒಣಗಿರಬೇಕು, ಆದರೆ ಒಂದೇ ಸಮನೆ 90 ದಿನವಾದರೂ ಅಥವಾ ಒಟ್ಟು 180 ದಿನಕ್ಕಿಂತ ಹೆಚ್ಚು ಕಾಲ ಅದರ ಯಾವುದಾದರೂ ಭಾಗ ತೇವವಾಗಿರಬೇಕು. ಆ ಭಾಗ ಎಲ್ಲಿದೆ ಎಂದು ತಿಳಿಯುವ ಉಪಾಯ ಸರಳ: ಒಣಗಿದ ಮಣ್ಣಿನ ಮೇಲೆ 2.5 ಸೆಂ.ಮೀ. ನೀರು ಬಿಟ್ಟರೆ ಒಂದು ದಿನದಲ್ಲಿ ಎಷ್ಟು ಆಳ ನೆನೆಯುತ್ತದೋ ಅದು ಮೇಲಿನ ಅಂಚು, 7.5 ಸೆಂ.ಮೀ. ಬಿಟ್ಟರೆ ಎರಡು ದಿನದಲ್ಲಿ ನೆನೆಯುವುದು ಕೆಳಗಿನ ಅಂಚು. ಈ ಗುಂಡಿಯಲ್ಲಿ ಅದು ಸುಮಾರು 12ರಿಂದ 35 ಸೆಂ.ಮೀ. ನಡುವೆ ಬಂತು. ಆಗಸ್ಟ್ ನಡುವಿನಿಂದ ನವೆಂಬರ್ ನಡುವಿನವರೆಗೆ ಅದರಲ್ಲಿ ತೇವ ತಪ್ಪುವುದಿಲ್ಲ. ಅಲ್ಲಿಗೆ 90 ದಿನ ದಾಟಿತು, ಅಸ್ಟಿಕ್ ಎಂಬುದು ನಿಂತಿತು.

ನಿಜವಾದ ತೊಡಕು ಇನ್ನೊಂದು ಮೆಟ್ಟಿಲು ಕೆಳಗಿತ್ತು. ಒಣಗಿರುವ ದಿನಗಳು ಒಟ್ಟು 120ಕ್ಕಿಂತ ಕಡಿಮೆಯಾದರೆ ಉಪಗುಂಪು ಯೂಡಿಕ್ (ತೇವದ ಕಡೆಗೆ ವಾಲಿದ್ದು), ಇಲ್ಲವಾದರೆ ಟಿಪಿಕ್ (ಗುಂಪಿನ ಸಾಮಾನ್ಯ ಮಾದರಿ). ವಿಶಾಖೆಯ ಮಳೆ ಮುಗಿದು, ಉಳಿದ ತೇವವನ್ನು ಬೆಳೆ ಹೀರಿ, ಆ ಭಾಗದ ಮೇಲಂಚು ಒಣಗುವುದು ಸಾಧಾರಣ ವರ್ಷದಲ್ಲಿ ಡಿಸೆಂಬರ್ 20ರ ಸುಮಾರಿಗೆ ಎಂದು ನಮ್ಮ ಲೆಕ್ಕ ತೋರಿಸಿತು. ಅಲ್ಲಿಂದ ಏಪ್ರಿಲ್ ನಡುವಿನ ಮೊದಲ ಗುಡುಗು ಮಳೆಯವರೆಗೆ 116 ದಿನ. ಗೆರೆಗೆ ನಾಲ್ಕು ದಿನ ಕಡಿಮೆ! ಅಂದರೆ ಮಣ್ಣಿನ ಹೆಸರು ಜೂನ್ ಜುಲೈನ ಬಿಡುವಿನಲ್ಲಿ ಏನಾಗುತ್ತದೆ ಎಂಬುದರ ಮೇಲೆ ನಿಂತಿತು.

ತಿಂಗಳ ಸರಾಸರಿ ಈ ಬಿಡುವನ್ನು ಮುಚ್ಚಿಹಾಕುತ್ತದೆ. ತೇವದ ವರ್ಗ ನಿರ್ಧರಿಸಲು ಎಲ್ಲೆಡೆ ಬಳಸುವ ನ್ಯೂಹಾಲ್ ಮಾದರಿ ತಿಂಗಳ ಮಳೆಯ ಅರ್ಧವನ್ನು ತಿಂಗಳ ನಡುವೆ ಬಿದ್ದ ಒಂದೇ ದೊಡ್ಡ ಮಳೆಯೆಂದೂ, ಉಳಿದರ್ಧವನ್ನು ಸಣ್ಣ ಮಳೆಗಳೆಂದೂ ಹಂಚಿಕೊಂಡು ಲೆಕ್ಕ ಮಾಡುತ್ತದೆ. ಮಂಡ್ಯದ ಜುಲೈನಲ್ಲಿ ಅಂಥ ದೊಡ್ಡ ಮಳೆ ಸಾಮಾನ್ಯವಾಗಿ ಬೀಳುವುದೇ ಇಲ್ಲ. ದಿನಕ್ಕೆ ಎರಡು ಮೂರು ಮಿ.ಮೀ. ತುಂತುರು ಬಿದ್ದು, ಸಂಜೆಯ ಗಾಳಿಗೆ ಆರಿಹೋಗುತ್ತದೆ, 12 ಸೆಂ.ಮೀ. ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ದಿನವಹಿ ಅಂಕಿ ಬೇಕಾಯಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹತ್ತಿರದವು, ಆದರೆ ಅವುಗಳ ದಾಖಲೆ ಮೂರು ದಶಕದಷ್ಟು ಹಿಂದಕ್ಕೆ ಹೋಗುವುದಿಲ್ಲ. ಹವಾಮಾನ ಇಲಾಖೆಯ ದಾಖಲೆ ಉದ್ದದ್ದು, ಆದರೆ ದೂರದ್ದು. ಯಾವುದು ಸಾಧಾರಣ ವರ್ಷ ಎಂಬುದನ್ನು ಉದ್ದನೆಯ ದಾಖಲೆಯಿಂದ ಆರಿಸಿ, ಆ ವರ್ಷಗಳಲ್ಲಿ ಮಳೆ ಬಿದ್ದ ರೀತಿಯನ್ನು ಹತ್ತಿರದ ಮಾಪಕದಿಂದ ಓದುವುದೇ ನನಗೆ ಸರಿ ಕಂಡದ್ದು. ಹಾಗೆ ಮಾಡಿದಾಗ ಜೂನ್ ಜುಲೈಗಳಲ್ಲಿ ಮೇಲಂಚು ಮತ್ತೆ 20 ದಿನದಷ್ಟು ಒಣಗುವುದು ಕಂಡಿತು. ಒಟ್ಟು 136. ಟಿಪಿಕ್ ಎಂದು ಬರೆದೆವು. ಮೇನಲ್ಲಿ ಎಳ್ಳು ಚೆನ್ನಾಗಿ ಹುಟ್ಟಿ ಜೂನ್ ಕೊನೆಗೆ ಬಾಡುವುದನ್ನು ಕಂಡವರಿಗೆ ಈ 20 ದಿನ ಹೊಸ ಸುದ್ದಿಯೇನಲ್ಲ.

ಬಣ್ಣದ ಒಂದು ಮನೆ

ಅಸ್ಟಿಕ್ ತೇವದ ಆಲ್ಫಿಸಾಲ್ ಎಂದರೆ ಅಸ್ಟಾಲ್ಫ್. ಅದರೊಳಗೆ ಮಹಾಗುಂಪು ಹುಡುಕುವಾಗ ಕೀಲಿಯನ್ನು, ಅಂದರೆ ಗುಂಪು ಗುರುತಿಸುವ ಪ್ರಶ್ನೆಗಳ ಪಟ್ಟಿಯನ್ನು, ಮೇಲಿನಿಂದ ಕೆಳಕ್ಕೆ, ಒಂದೊಂದೇ ತಳ್ಳಿಹಾಕುತ್ತ ಬರಬೇಕು. ಮಣ್ಣು ಕೆಂಪಗಿದೆಯೆಂದು ನೇರವಾಗಿ ಕೆಂಪಿನ ಗುಂಪಿಗೆ ಹಾರುವುದು ನಮ್ಮಲ್ಲಿ ಪದೇ ಪದೇ ಕಾಣುವ ತಪ್ಪು. ಸೋಡಿಯಂ ಇಲ್ಲ, ಹಾಗಾಗಿ ನೇಟ್ರಿಕ್ ಅಲ್ಲ. ನಾಲೆಯ ಬಯಲಿನ ಚೌಳು ಜಾಗಗಳಲ್ಲಾದರೆ ಇದನ್ನು ಜೋಪಾನವಾಗಿ ನೋಡಬೇಕು. ಕಲ್ಲು 150 ಸೆಂ.ಮೀ.ಗಿಂತ ಮೇಲೆಯೇ ಸಿಕ್ಕಿದೆ, ಜೇಡಿಯ ಏರಿಕೆಯೂ ಹಠಾತ್ತನೆ ಆದದ್ದಲ್ಲ, ಹಾಗಾಗಿ ಬಹಳ ಹಳೆಯ, ಆಳದ ಮಣ್ಣಿನ ಪೇಲಿಯಸ್ಟಾಲ್ಫ್ ಗುಂಪು ಕೂಡ ಅಲ್ಲ.

ಕ್ಯಾಂಡಿಕ್, ಅಂದರೆ ಚುರುಕು ಕಡಿಮೆಯ ಜೇಡಿಯ ಪದರ, ಹೌದೋ ಅಲ್ಲವೋ ಎಂಬುದಕ್ಕೆ ಜೇಡಿಯ ಚುರುಕು ನೋಡಬೇಕು. 42–78ರ ಪದರದಲ್ಲಿ ಧನ ಅಯಾನು ವಿನಿಮಯ ಸಾಮರ್ಥ್ಯ ಕಿಲೋ ಮಣ್ಣಿಗೆ 9.8 ಸೆಂಟಿಮೋಲ್, ಅದನ್ನು ಶೇ 37 ಜೇಡಿಗೆ ಹಂಚಿದರೆ ಕಿಲೋ ಜೇಡಿಗೆ 26.5. ಕ್ಯಾಂಡಿಕ್‌ಗೆ 16 ಅಥವಾ ಅದಕ್ಕಿಂತ ಕಡಿಮೆ ಬೇಕು, ಅದು ದೂರದ ಮಾತು. ಆದರೆ ಮುಂದೆ ಕ್ಯಾನ್‌ಹ್ಯಾಪ್ಲಿಕ್ ಎಂಬ ಉಪಗುಂಪಿಗೆ ಗೆರೆ 24ರಲ್ಲಿದೆ, ಮತ್ತು 26.5 ಅದಕ್ಕೆ ಅಹಿತಕರವಾಗಿ ಹತ್ತಿರ. ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಜೇಡಿಯ ಕಣಗಳನ್ನು ಗಂಟು ಹಾಕಿರುತ್ತದೆ. ಪ್ರಯೋಗಾಲಯದಲ್ಲಿ ಗಂಟು ಪೂರ್ತಿ ಬಿಡದಿದ್ದರೆ ಜೇಡಿ ಮರಳಿನ ಲೆಕ್ಕಕ್ಕೆ ಹೋಗುತ್ತದೆ. ಅಸಲು ಜೇಡಿ ಶೇ 41 ಆಗಿದ್ದರೆ ಭಾಗಾಕಾರ 23.9ಕ್ಕೆ ಇಳಿದು ಹೆಸರೇ ಬದಲಾಗುತ್ತಿತ್ತು. ಇದಕ್ಕೊಂದು ಅಡ್ಡಲೆಕ್ಕವಿದೆ: 1500 ಕಿಲೋಪಾಸ್ಕಲ್ ಎಳೆತದಲ್ಲೂ ಮಣ್ಣು ಬಿಡದೆ ಹಿಡಿದ ನೀರಿನ ಶೇಕಡಾವಾರಿನಿಂದ ಸಾವಯವ ಇಂಗಾಲವನ್ನು ಕಳೆದು 2.5ರಿಂದ ಗುಣಿಸುವುದು. ನೀರು 15.2, ಇಂಗಾಲ 0.3, ಬಂದದ್ದು 37.25. ಜೇಡಿಯ ಅಂಕಿ ಗಟ್ಟಿಯಾಯಿತು.

ಉಳಿದದ್ದು ಗಾಢ ಕೆಂಪಿನ ರೋಡಸ್ಟಾಲ್ಫ್ ಮತ್ತು ಅಂಥ ವಿಶೇಷ ಗುರುತಿಲ್ಲದ ಹ್ಯಾಪ್ಲಸ್ಟಾಲ್ಫ್‌ಗಳ ನಡುವಿನ ಆಯ್ಕೆ. ಗ್ರೀಕಿನ ಗುಲಾಬಿಯಿಂದ ಬಂದ ಮೊದಲಿನ ಹೆಸರಿಗೆ ಅರ್ಹವಾಗಲು ಆರ್ಜಿಲಿಕ್ ಪದರದ ಉದ್ದಕ್ಕೂ ವರ್ಣ 2.5 ವೈಆರ್ (ಹಳದಿ-ಕೆಂಪು) ಅಥವಾ ಇನ್ನೂ ಕೆಂಪಾಗಿರಬೇಕು, ತೇವದಲ್ಲಿ ಅದರ ಹೊಳಪಿನ ಅಂಕ 3ನ್ನು ಮೀರಬಾರದು, ಒಣಗಿದಾಗ ಒಂದಕ್ಕಿಂತ ಹೆಚ್ಚು ಏರಬಾರದು. ಬೆಳಿಗ್ಗೆ ಗುಂಡಿಯ ನೆರಳುಗೋಡೆಯಲ್ಲಿ ಬಣ್ಣದ ಮನೆಗಳಿರುವ ಮನ್ಸೆಲ್ ಪುಸ್ತಕ ಹಿಡಿದು ಓದಿದವರು 4/6, ಅಂದರೆ ಹೊಳಪು 4, ಬಣ್ಣದ ತೀವ್ರತೆ 6, ಎಂದು ಬರೆದಿದ್ದರು. ಹಾಗಾದರೆ ಇದು ಹ್ಯಾಪ್ಲಸ್ಟಾಲ್ಫ್. ಹನ್ನೊಂದು ಗಂಟೆಗೆ ಅದೇ ಪದರದಿಂದ ಹೊಸ ಹೆಂಟೆ ಕಿತ್ತು, ಬಿಸಿಲಿಗೆ ತಂದು, ಬಣ್ಣ ಇನ್ನು ಬದಲಾಗದು ಎನ್ನುವವರೆಗೆ ನೀರು ಚಿಮುಕಿಸಿ, ಮೂವರು ಒಬ್ಬರಿಗೊಬ್ಬರು ಹೇಳದೆ ಬರೆದುಕೊಂಡೆವು. ಮೂವರದೂ 3/6. ಮೊದಲ ಸಲ ಮಣ್ಣು ಅರೆಬರೆ ನೆನೆದಿತ್ತು, ಅಷ್ಟೇ. ಆರಿದ ಹೆಂಟೆ 4/6ಕ್ಕೆ ನಿಂತಿತು. ಪುಸ್ತಕದ ಒಂದೇ ಮನೆಯ ವ್ಯತ್ಯಾಸ. ಆದರೆ ನಕ್ಷೆಯಲ್ಲಿ ಅದರಿಂದ ಬೇರೆ ಗುಂಪೇ ಬರುತ್ತಿತ್ತು.

ಉಪಗುಂಪಿನ ಕೆಳಗಿನ ಮೆಟ್ಟಿಲಾದ ಕುಟುಂಬದ ಹೆಸರಿಗೆ ಆರ್ಜಿಲಿಕ್‌ನ ಮೇಲಿನ 50 ಸೆಂ.ಮೀ. ಮಾತ್ರ ಲೆಕ್ಕ. ಅದರಲ್ಲಿ 26 ಸೆಂ.ಮೀ. ಶೇ 28ರದು, 24 ಸೆಂ.ಮೀ. ಶೇ 37ರದು, ತೂಗಿ ನೋಡಿದರೆ ಶೇ 32ಕ್ಕೆ ತುಸು ಮೇಲೆ, 35ರ ಗೆರೆಯೊಳಗೆ. ಕೊನೆಗೆ ದಾಖಲಿಸಿದ ಹೆಸರು: ಫೈನ್ ಲೋಮಿ (ನುಣುಪು ಗೋಡು), ಮಿಕ್ಸ್ಡ್ (ಮಿಶ್ರ ಖನಿಜ), ಸೆಮಿಆಕ್ಟಿವ್ (ಅರೆಚುರುಕು ಜೇಡಿ), ಐಸೋಹೈಪರ್‌ಥರ್ಮಿಕ್, ಟಿಪಿಕ್ ರೋಡಸ್ಟಾಲ್ಫ್. ಖನಿಜದ ಭಾಗ ಶಿಲೆಯಿಂದ ಮಾಡಿದ ಊಹೆ, ಎಕ್ಸ್‌ರೇ ಪರೀಕ್ಷೆ ಮಾಡಿಸಿಲ್ಲ ಎಂದು ಟಿಪ್ಪಣಿ ಹಾಕಿದ್ದೇವೆ.

ಕೆತ್ತುವ ಪ್ರಶ್ನೆ

ಯಜಮಾನರಿಗೆ ಈ ಹೆಸರಿನಿಂದ ಆಗಬೇಕಾದದ್ದೇನೂ ಇಲ್ಲ. ಅದರೊಳಗಿನ ಮೂರು ಅಳತೆಗಳಿಂದ ಆಗಬೇಕಾದದ್ದು ಬಹಳ ಇದೆ. ಹೊಲದ ಮೇಲ್ತುದಿಯಲ್ಲಿ ಗದ್ದೆಯ ಮಟ್ಟಕ್ಕೆ ತರಲು 45 ಸೆಂ.ಮೀ. ಕೆತ್ತಬೇಕಿತ್ತು. ಕೆತ್ತಿದರೆ 112 ಸೆಂ.ಮೀ. ಆಳ 67ಕ್ಕೆ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಶೇ 37 ಜೇಡಿಯ ಪದರ ನೆತ್ತಿಗೆ ಬರುತ್ತದೆ. ಸಾವಯವ ಅಂಶವಿಲ್ಲದ, ಹನಿ ಬಿದ್ದರೆ ಮುಚ್ಚಿಕೊಂಡು ಆರಿದರೆ ಹೆಪ್ಪುಗಟ್ಟುವ, ಗುದ್ದಲಿ ಇಳಿಯದು ಎಂದು ಅವರೇ ಹೇಳಿದ ಪದರ ಅದು. ವಿಚಿತ್ರವೆಂದರೆ ಹಾಗೆ ಕೆತ್ತಿದ ಮೇಲೆ ಕುಟುಂಬದ ಮಟ್ಟದಲ್ಲಿ ಜೇಡಿ 35ರ ಗೆರೆ ದಾಟಿದರೂ ಟಿಪಿಕ್ ರೋಡಸ್ಟಾಲ್ಫ್ ಎಂಬ ಹೆಸರು ಬಹುಶಃ ಬದಲಾಗುತ್ತಿರಲಿಲ್ಲ: ಉಳಿದದ್ದು ಅದೇ ಕೆಂಪು, ಅದೇ ಪೊರೆ, ಕಲ್ಲು ಇನ್ನೂ 50 ಸೆಂ.ಮೀ.ಗಿಂತ ಕೆಳಗೆ. ಹೆಸರನ್ನಷ್ಟೇ ನೆಚ್ಚಿದವರು ಎರಡೂ ಒಂದೇ ಜಮೀನೆಂದು ವರದಿ ಕೊಟ್ಟಾರು. ಹಾಗಾಗಿ ನಕ್ಷೆಯಲ್ಲಿ ಹೆಸರಿನ ಪಕ್ಕ ಆಳ, ಮೇಲ್ಮಣ್ಣಿನ ದಪ್ಪ, ಇಳಿಜಾರು ಮೂರನ್ನೂ ನಮೂದಿಸಲೇಬೇಕೆಂಬುದು ನನ್ನ ಹಟ.

ಗದ್ದೆಗೆ ತಾಗಿದ ಕೆಳ ಪಟ್ಟಿಯಲ್ಲಿ 15 ಸೆಂ.ಮೀ.ಗೂ ಕಡಿಮೆ ಕೆತ್ತಿದರೆ ಸಾಕಾಗುತ್ತಿತ್ತು. ಅಲ್ಲಿ ಮಾತ್ರ, ಮೇಲ್ಮಣ್ಣನ್ನು ಮೊದಲು ಒಂದು ಕಡೆ ಗುಡ್ಡೆ ಹಾಕಿ, ಅಡಿಯನ್ನು ಸಮ ಮಾಡಿದ ಮೇಲೆ ಮತ್ತೆ ಹರಡುವ ಷರತ್ತಿನ ಮೇಲೆ, ಜೆಸಿಬಿ ಇಳಿಯಿತು. ಮೇಲಿನ ಪಟ್ಟಿಗೆ ಸಮಪಾತಳಿಯ ಬದು ಹಾಕಿಸಿ ರಾಗಿಗೇ ಬಿಟ್ಟರು. ಗುಂಡಿ ಮುಚ್ಚುವ ದಿನ ಯಜಮಾನರು ಒಳಗಿಳಿದು, 112 ಸೆಂ.ಮೀ. ಆಳದ ಕೊಳೆತ ಕಲ್ಲನ್ನು ಒಂದು ಹಿಡಿ ಕೆದಕಿ ತೆಗೆದು, ಪಕ್ಕದ ಹೊಲದವರಿಗೆ ತೋರಿಸಲೆಂದು ಟವೆಲಿನಲ್ಲಿ ಕಟ್ಟಿಕೊಂಡು ಹೋದರು.